ಹೋದ ಹಂಡೆ ಬಂತು

ಎಲ್ಲರ ಮನೆಯಲ್ಲೂ ಸಾಮಾನು ಕಳೆದುಹೋಗುತ್ತದಂತೆ. ನಮ್ಮ ಮನೆಯಲ್ಲಿ ಮಾತ್ರ ಕಳೆಯೋಣವೆಂದರೂ ಹೋಗುವುದಿಲ್ಲ. ಹೋದರೂ ಬೀದಿ ತುದಿಯಿಂದ ವಾಪಸ್ ಬರುತ್ತದೆ, ಬರುವಾಗ ಇನ್ನೊಂದನ್ನು ಜೊತೆಗೆ ಕರೆದುಕೊಂಡು ಬರುತ್ತದೆ. ಇಂಥದ್ದೆಲ್ಲ ನಮಗೇ ಯಾಕೆ ಆಗುತ್ತದೋ ಗೊತ್ತಿಲ್ಲ, ಆಗುತ್ತಲೇ ಇರುತ್ತದೆ.

ನಾನು ಪಾಂಡವಪುರದ ಸುತ್ತಮುತ್ತಲ ಶಾಲೆಗಳಲ್ಲಿ ಮಕ್ಕಳಿಗೆ ಹೊಲಿಗೆ, ಕರಕುಶಲ ಹೇಳಿಕೊಟ್ಟು ನಿವೃತ್ತಳಾದವಳು. 'ಕಸದಿಂದ ರಸ' ಎಂದು ಬೋರ್ಡಿನ ಮೇಲೆ ಬರೆದು ಬರೆದು, ಕೊನೆಗೆ ಕಸ ಅನ್ನುವುದೇ ನನ್ನ ಕಣ್ಣಿಗೆ ಕಾಣದಂತಾಗಿ ಹೋಯಿತು. ಮುಚ್ಚಳ ಇಲ್ಲದ ಡಬ್ಬಿ ಸಿಕ್ಕಿದರೆ, ಎಲ್ಲೋ ಒಂದು ಕಡೆ ಇದರ ಮುಚ್ಚಳ ಇದ್ದೇ ಇರಬೇಕಲ್ಲ ಎಂದು ಎತ್ತಿಡುತ್ತೇನೆ. ಅದರ ಮೇಲೆ ಹುಟ್ಟಿನಿಂದ ಬಂದ ಪುಕ್ಕಲು ಸ್ವಭಾವ ಬೇರೆ. ಇವತ್ತು ಬಿಸಾಕಿ ನಾಳೆ ಅದೇ ಬೇಕಾದರೆ ಏನು ಗತಿ ಅನ್ನುವ ದಿಗಿಲು.

ಹೀಗೆ ಉಳಿಸಿದ್ದೆಲ್ಲ ನಮ್ಮ ಮುಂದಿನ ಕೋಣೆ ಸೇರಿತ್ತು. ತಾಮ್ರದ ಹಂಡೆ, ಹಿತ್ತಾಳೆ ಕೊಳಗ, ತೇಗದ ಮಂಚ, ಅದರ ಮೇಲೆ ಹತ್ತಿ ಹಾಸಿಗೆ, ಬೆಂಚು, ಮಡಚುವ ಕುರ್ಚಿಗಳು, ಸ್ಟೀಲ್ ಪಾತ್ರೆಗಳ ಗುಡ್ಡೆ, ಚಿತ್ರ ಬಾರದೆ ಮಾತು ಮಾತ್ರ ಬರುವ ಹಳೇ ಟೀವಿ. ಹೆಚ್ಚುಕಮ್ಮಿ ಎಲ್ಲವೂ ಗಟ್ಟಿಮುಟ್ಟಾಗಿದ್ದವು. ತೊಂದರೆ ಇದ್ದದ್ದೇ ಅಲ್ಲಿ. ಹಾಳಾಗಿದ್ದರೆ ಎಂದೋ ಕಳಿಸಿ ನೆಮ್ಮದಿಯಾಗಿರುತ್ತಿದ್ದೆ.

ಹೀಗಿರುವಾಗ ನಮ್ಮತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಅವರು ಇದ್ದದ್ದು ಕೆ.ಆರ್. ಪೇಟೆ ಕಡೆ ಸಂತೆಬಾಚಹಳ್ಳಿಯಲ್ಲಿ, ನನ್ನ ಮೈದುನನ ಮನೆಯಲ್ಲಿ. ಸೊಂಟದ ಮೂಳೆ ಮುರಿದು ಮೈಸೂರಿನ ಆಸ್ಪತ್ರೆಯಲ್ಲಿ ರಾಡು ಹಾಕಿ, ವಾಕರ್ ಕೈಗೆ ಕೊಟ್ಟು ಕಳಿಸಿದರು. ಮೆಟ್ಟಿಲು ಇಳಿಯಬಾರದು, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂರಬಾರದು ಎಂದು ಡಾಕ್ಟರು ಹೇಳಿದರು. ಮೈದುನನ ಮನೆಯಲ್ಲಿ ಕಕ್ಕಸು ಇರುವುದೇ ಮೆಟ್ಟಿಲಿಳಿದು ಹಿತ್ತಲಿಗೆ ಹೋದರೆ. ನಮ್ಮ ಮುಂದಿನ ಕೋಣೆಗಾದರೆ ಅಂಟಿಕೊಂಡೇ ಬಾತ್‌ರೂಮಿದೆ, ನಮ್ಮೆಜಮಾನರು ತಮ್ಮ ಮಂಡಿನೋವಿಗೆಂದು ಕೂರುವ ಕಮೋಡು ಹಾಕಿಸಿದ್ದಾರೆ. ಕಮೋಡಿಗೆ ಹೋಗುವ ದಾರಿಯಲ್ಲಿ ಮಾತ್ರ ಹಂಡೆ ಕೂತಿದೆ.

"ಆಪ್ರೇಸನ್ ಒಲಿಗೆ ಬಿಚ್ಚುಸ್ಬೇಕು, ಆಮೇಕೆ ಆಸಾಡ ಬತ್ತದೆ. ಸ್ರಾವಣದ ಮೊದಲ್ನೇ ಸ್ವಾಮಾರ ಕರ್ಕಂಬತ್ತೀನಿ ಅತ್ಗೆಮ್ಮ, ಅಷ್ಟ್ರಲ್ಲಿ ರೂಮು ಖಾಲಿ ಮಾಡ್ಬುಡಿ," ಎಂದ ಮೈದುನ.

ನನಗೆ ಎರಡು ದಿಗಿಲು ಒಟ್ಟಿಗೆ ಹಿಡಿದವು. ಕೋಣೆ ಖಾಲಿಯಾಗದಿದ್ದರೆ ಅತ್ತೆಮ್ಮ ಆ ಮೆಟ್ಟಿಲಲ್ಲಿ ಮತ್ತೆ ಬೀಳುತ್ತಾರೆ, ಈ ಸಲ ಬಿದ್ದರೆ ಏಳುವುದಿಲ್ಲ. ಕೋಣೆ ಖಾಲಿ ಮಾಡಿದರೆ, ಅದರೊಳಗಿರುವುದರಲ್ಲಿ ಮುಕ್ಕಾಲು ಪಾಲು ಅತ್ತೆಮ್ಮನೇ ನನಗೆ ಕೊಟ್ಟ ಸಾಮಾನು. ಕೊಟ್ಟವರೇ ಬಂದು ಕೂತು ಎಲ್ಲಿ ಹೋಯಿತು ಅಂದರೆ ಏನು ಹೇಳಲಿ? ಸಾಲದ್ದಕ್ಕೆ ಅತ್ತೆಮ್ಮ ಫೋನು ಮಾಡಿದಾಗಲೆಲ್ಲ ಮೊದಲು ಕೇಳುವುದೇ, "ಅಂಡೆ ಅದಾ?"

"ಇದೆ ಅತ್ತೆಮ್ಮ, ಹುಣಸೆಹಣ್ಣು ಹಾಕಿ ಉಜ್ಜಿಟ್ಟಿದೀನಿ, ಫಳಫಳ ಅಂತಿದೆ."

"ಊಂ," ಅನ್ನುತ್ತಿದ್ದರು. ಆ 'ಊಂ' ಕೇಳಿದ ಮೇಲೆ ಹೋಗಿ ಹಂಡೆಯನ್ನು ಇನ್ನೊಂದು ಸಲ ಉಜ್ಜುತ್ತಿದ್ದೆ.

೧. ಬಸ್ಸಿನಲ್ಲಿ ಬಂದ ಹಲಸು

ಯೋಚನೆ ಮಾಡಿ ಮಾಡಿ ಒಂದು ದಾರಿ ಹುಡುಕಿದೆ. ಹಂಡೆಯನ್ನು ನಾಗಮಂಗಲದಲ್ಲಿರುವ ನಾದಿನಿಗೆ ಕೊಟ್ಟುಬಿಡುವುದು. ಅವ್ವನ ಹಂಡೆ ಮಗಳ ಮನೆ ಸೇರಿದರೆ ಅತ್ತೆಮ್ಮ ಬಯ್ಯುವ ಹಾಗೂ ಇಲ್ಲ, ನನ್ನ ಕೋಣೆಯೂ ಖಾಲಿ.

ನಮ್ಮ ಕಡೆ ಖಾಲಿ ಪಾತ್ರೆ ಮನೆಯಿಂದ ಆಚೆ ಕಳಿಸುವುದಿಲ್ಲ. ಒಂದು ಹಿಡಿ ಅಕ್ಕಿಯಾದರೂ ಹಾಕಿಯೇ ಕೊಡಬೇಕು. ಅಷ್ಟು ದೊಡ್ಡ ಹಂಡೆಗೆ ಒಂದು ಹಿಡಿ ಹಾಕಿದರೆ ಚೆನ್ನಾಗಿರುತ್ತದೆಯೇ? ಅಕ್ಕಿ ಸುರಿದು, ಮೇಲೆ ಅಚ್ಚು ಬೆಲ್ಲ ಜೋಡಿಸಿ, ತೆಂಗಿನಕಾಯಿ, ಎಲೆ ಅಡಿಕೆ ಇಟ್ಟು, ಬಾಯಿಗೆ ಬಟ್ಟೆ ಕಟ್ಟಿದೆ. ನಮ್ಮೆಜಮಾನರು ಅದನ್ನು ಬಸ್ಸಿಗೆ ಹತ್ತಿಸಿಕೊಂಡು ಹೋಗಿ, ಕೊಟ್ಟು, ಊಟ ಮಾಡಿ ಬಂದರು.

ನಾದಿನಿ ಫೋನು ಮಾಡಿದಳು. "ಅತ್ಗೆ, ತೌರ್ಮನೆ ಬೆಲ್ಲ ನೋಡಿ ಕಣ್ಣಲ್ಲಿ ನೀರೇ ಬಂದ್ಬುಡ್ತು." ನನಗೂ ಬಂತು. ಹಂಡೆ ಇದ್ದ ಜಾಗದಲ್ಲಿ ನಿಂತು ನೋಡಿದೆ, ಅಲ್ಲಿಂದ ಕಮೋಡು ಕಾಣುತ್ತಿತ್ತು.

ಅದೇ ವಾರ ನಾಗಮಂಗಲದ ಬಸ್ಸು ನಮ್ಮ ಬೀದಿ ತಿರುವಿನಲ್ಲಿ ನಿಂತು ಹಾರನ್ ಹೊಡೆಯಿತು. ಕಂಡಕ್ಟರು ಬಾಗಿಲಲ್ಲಿ ನಿಂತು ಕೂಗಿದ. "ಟೀಚರಮ್ಮಾ, ನಿಮ್ದೊಂದು ಅಂಡೆ ಬಂದದೆ, ಇಳುಸ್ಕಳಿ!"

ಇಬ್ಬರು ಹಿಡಿದು ಇಳಿಸಿದರು. ಬಟ್ಟೆ ಬಿಚ್ಚಿದರೆ ಒಳಗೆ ಒಂದು ಹಲಸಿನಹಣ್ಣು. ಹಂಡೆಗೆ ಅಳತೆ ತೆಗೆದುಕೊಂಡು ಬೆಳೆದಂತಿತ್ತು. ಕೂಡಲೇ ನಾದಿನಿಗೆ ಫೋನು ಹಚ್ಚಿದೆ.

"ಬರೀ ಪಾತ್ರೆ ಕಳ್ಸಬಾರ್ದು ಅಂತ ಮರದಲ್ಲಿ ಇದ್ದುದ್ರಲ್ಲೇ ದೊಡ್ಡುದ್ನ ಕುಯ್ಸಿ ಆಕಿವ್ನಿ ಅತ್ಗೆ. ಈಚ್ಗೆ ತಗ್ಯಕ್ಕೆ ವಸಿ ಕಷ್ಟ ಆಯ್ತದೆ."

"ಬೆಲ್ಲ ಅಲ್ಲ ಕಣೆ, ನಿನಗೆ ಕೊಟ್ಟಿದ್ದು ಹಂಡೆ!"

"ಅಯ್ಯೋ, ನನ್ಗಾ? ನಮ್ಮನೇಲಿ ಸೋಲಾರು ಆಕ್ಸವ್ರೆ, ಅಂಡೆ ತಕ್ಕಂಡು ಏನ್ ಮಾಡ್ಲಿ? ಅವ್ವ ನಂಗೂ ಇಂತದ್ದೇ ಒಂದ್ ಕೊಟ್ಟವ್ಳೆ, ಎಲ್ಗೆ ಸಾಗಾಕದು ಅಂತ ನೋಡ್ತಾವ್ನಿ. ಅತ್ಗೆ, ನಾಳಿಕ್ಕೆ ಇದೇ ಬಸ್ಸು ಬತ್ತದಲ್ಲ, ಅದ್ನೂ ಆಕ್ಲಾ?"

ಫೋನು ಇಟ್ಟುಬಿಟ್ಟೆ. ಹಲಸು ಬಿಡಿಸಿ ಬೀದಿಗೆಲ್ಲ ಡಬ್ಬಿಗಳಲ್ಲಿ ಹಂಚಿದೆ. ಒಂದು ಡಬ್ಬಿಯೂ ಖಾಲಿ ವಾಪಸ್ ಬರಲಿಲ್ಲ. ಒಂದರಲ್ಲಿ ಚಟ್ನಿಪುಡಿ, ಒಂದರಲ್ಲಿ ಹುರಿಗಾಳು, ಇನ್ನೊಂದರಲ್ಲಿ ಅದೇ ಹಲಸಿನ ಬೀಜ.

೨. ಕೊಳಗದ ಮೇಲಿನ ಹೆಸರು

ಆಷಾಢ ಹಿಡಿಯುವ ಮುಂಚೆ ಮುಗಿಸಿಬಿಡೋಣವೆಂದು ಊರೂರಲ್ಲೂ ಗೃಹಪ್ರವೇಶಗಳು ನಡೆಯುತ್ತಿದ್ದವು. ಶ್ರೀರಂಗಪಟ್ಟಣದ ಪಕ್ಕ ಬಾಬುರಾಯನಕೊಪ್ಪಲಿನಲ್ಲಿ ನಮ್ಮೆಜಮಾನರ ಸ್ನೇಹಿತರೊಬ್ಬರ ಮನೆಯ ಕರೆ ಬಂತು. ನಮ್ಮೆಜಮಾನರು ಕೋಣೆಗೆ ನುಗ್ಗಿ, ಒಂದು ಸಲವೂ ಒಲೆ ಕಾಣದ ಸ್ಟೀಲ್ ಕೊಳಗ ಎತ್ತಿಕೊಂಡು ಬಂದರು.

"ಇದು ನಮ್ಮ ಮದುವೆಗೆ ಯಾರೋ ಕೊಟ್ಟಿದ್ದು. ಮೇಲೆ ಹೆಸರು ಕೊರೆದಿದೆ ನೋಡಿ," ಅಂದೆ. ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು, ತಿಕ್ಕಿ ತಿಕ್ಕಿ ಮಾಸಿತ್ತು. ನನ್ನ ಕನ್ನಡಕಕ್ಕೂ ಸಿಕ್ಕಲಿಲ್ಲ.

"ನಿಂಗೇ ಕಾಣ್ದೆ ಇರೋದು ಅವ್ರಿಗೆ ಕಾಣ್ತದಾ? ಬಣ್ಣದ ಪೇಪರ್ ಸುತ್ತು," ಎಂದರು.

ಸುತ್ತಿದೆ. ಆದರೂ ಬಸ್ಸಿನಲ್ಲಿ ಪೊಟ್ಟಣವನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಕೂತಿದ್ದೆ. ಉಡುಗೊರೆಗಳನ್ನೆಲ್ಲ ಒಂದು ಮೂಲೆಯಲ್ಲಿ ಪೇರಿಸಿದ್ದರು, ನಮ್ಮದು ಎಲ್ಲಕ್ಕಿಂತ ಕೆಳಗೆ ಸೇರಲಿ ಎಂದು ತಳ್ಳಿ ಬಂದೆ. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಅಡುಗೆಯವರು ಬಂದು, ಪಾಯಸ ಬಡಿಸಲು ಪಾತ್ರೆ ಸಾಲದು, ಇನ್ನೊಂದು ಕೊಳಗ ಬೇಕು ಎಂದರು. ಮನೆಯ ಯಜಮಾನರು ಮೂಲೆಗೆ ಹೋಗಿ ಕೊಳಗದ ಆಕಾರ ಇದ್ದ ಪೊಟ್ಟಣ ಹುಡುಕಿ ಎಳೆದರು. ಅಲ್ಲಿ ಆ ಆಕಾರದ್ದು ನಮ್ಮದೊಂದೇ.

ಪೇಪರ್ ಹರಿದರು. ಕೊಳಗ ತಿರುಗಿಸಿ ಬೆಳಕಿಗೆ ಹಿಡಿದು ಓದಿದರು. ಹಾಗೇ ನಿಂತುಬಿಟ್ಟರು. ನಮ್ಮೆಜಮಾನರು ಎಲೆ ಬಿಟ್ಟು ಏಳುವುದಕ್ಕೆ ನೋಡುತ್ತಿದ್ದರು.

"ನಮ್ಮವ್ವನ ಎಸ್ರು," ಎಂದರು ಅವರು. ಕೊಳಗ ಎದೆಗೆ ಅವುಚಿಕೊಂಡು ಪಂಕ್ತಿಯ ಮಧ್ಯಕ್ಕೆ ಬಂದರು. "ನಮ್ಮವ್ವ ಇವ್ರ ಮದ್ವೆಗೆ ಕೊಟ್ಟಿದ್ದ ಕೊಳಗ ಕಣ್ರಯ್ಯ. ಇಷ್ಟ್ ವರ್ಸ ಒಂದ್ ಕರೆ ಆಗ್ದಂಗೆ ಮಡಗಿದ್ದು, ಇವತ್ತು ನಮ್ಮನೆ ಒಕ್ಲಿಗೆ ತಂದವ್ರೆ. ನಮ್ಮವ್ವನೇ ಒಳಿಕ್ಕೆ ಬಂದಂಗಾಯ್ತು."

ಅವರ ಕಣ್ಣಲ್ಲಿ ನೀರು. ಅವರ ಹೆಂಡತಿ ಬಂದು ನನ್ನ ಕೈ ಹಿಡಿದುಕೊಂಡರು. ನಾನೂ ಅತ್ತುಬಿಟ್ಟೆ. ನನ್ನದು ಜೀವ ಉಳಿಯಿತಲ್ಲ ಎನ್ನುವ ಅಳು, ಅದು ಬೇರೆ ಮಾತು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಕೈ ತೊಳೆಯುವ ಜಾಗದಲ್ಲಿ ಒಬ್ಬರು ಮೆಲ್ಲಗೆ ಪಕ್ಕಕ್ಕೆ ಬಂದರು. "ಟೀಚರಮ್ಮ, ನಮ್ಮಪ್ಪನೂ ನಿಮ್ಮದ್ವೇಲಿ ಒಂದ್ ತಂಬ್ಗೆ ಕೊಟ್ಟಿದ್ದ. ಅದಾ?" ಅವರ ಹಿಂದೆ ಇನ್ನೊಬ್ಬರು. "ನಮ್ಮಜ್ಜಿದೊಂದು ತಟ್ಟೆ ಇರ್ಬೇಕು, ಉಡುಕ್ಸಿ ಮಡ್ಗಿರಿ, ಮಗನ ಮದ್ವೆಗೆ ಬಂದಾಗ ತನ್ನಿ."

ವಾಪಸ್ ಬರುವಾಗ ಬಸ್ಸಿನಲ್ಲಿ ನಮ್ಮೆಜಮಾನರು ಹೇಳಿದರು. "ಒಂದ್ ಕೊಳಗ ಕಳ್ದು, ಊರೋರ ಅಪ್ಪ ಅವ್ವನ್ನೆಲ್ಲ ನಮ್ ರೂಮ್ನಲ್ಲೇ ಮಡಿಕಂಡಂಗಾಯ್ತಲ್ಲೇ."

೩. ಗುಜರಿ ಗಾಡಿ

ಆಷಾಢವೂ ಅರ್ಧ ಕಳೆಯಿತು. ಇನ್ನು ತಡೆಯಲಾರೆ ಎಂದು ನಮ್ಮೆಜಮಾನರು ಶ್ರೀರಂಗಪಟ್ಟಣದ ಗುಜರಿ ಸಾಬರಿಗೆ ಹೇಳಿಕಳಿಸಿ, ತಾವು ಬೇಕೆಂದೇ ಗದ್ದೆ ಕಡೆ ಹೋದರು. ನಾನೊಬ್ಬಳೇ ಇದ್ದರೆ ಧೈರ್ಯ ಬರುತ್ತದೆ ಎಂದು ಅವರ ಲೆಕ್ಕಾಚಾರ.

ಸಾಬರು ವಯಸ್ಸಾದವರು, ಮೆತ್ತನೆ ಮಾತು. ಹಿತ್ತಾಳೆ ಕೊಳಗವನ್ನು ಬೆರಳಲ್ಲಿ ತಟ್ಟಿದರು. ಗಂಟೆಯಂತೆ ಸದ್ದು ಬಂತು. ಕಣ್ಣು ಮುಚ್ಚಿ ಕೇಳಿದರು.

"ಅರೆ ಟೀಚರಮ್ಮ, ಅಸಲಿ ಮಾಲು! ಇದನ್ನ ನಾನು ತಗೊಂಡೋಗಿ ಹೊಡ್ದು ಹೊಡ್ದು ಮುದ್ದೆ ಮಾಡ್ಬೇಕಾ? ತೋಬಾ ತೋಬಾ."

"ಹಾಗಾದರೆ ಟೀವಿನಾದರೂ ತಗೊಳ್ಳಿ, ಚಿತ್ರ ಬರಲ್ಲ."

"ಮಾತು ಬರ್ತದೆ ತಾನೆ? ಮಾತು ಬರೋದನ್ನ ಯಾರಾದ್ರೂ ಗುಜರಿಗೆ ಹಾಕ್ತಾರಾ?"

ಮಂಚ ನೋಡಿದರು, ಬೆಂಚು ನೋಡಿದರು, ಪ್ರತಿಯೊಂದಕ್ಕೂ ಹೊಗಳಿಕೆ. ನನಗೆ ಒಳಗೊಳಗೇ ಖುಷಿ. ಇಷ್ಟು ದಿನಕ್ಕೆ ನನ್ನ ಮಾತು ತಿಳಿಯುವ ಮನುಷ್ಯ ಒಬ್ಬರು ಸಿಕ್ಕಿದ್ದರು. ಕೊನೆಗೆ ಅವರು ಅತ್ತ ಇತ್ತ ನೋಡಿ ಗಾಡಿಯ ಹತ್ತಿರ ಕರೆದರು. ಗೋಣಿಚೀಲ ಸರಿಸಿದರೆ ಕೈಯಲ್ಲಿ ತಿರುಗಿಸುವ ಹೊಲಿಗೆ ಮೆಷಿನ್ನು.

"ಬೆಳಗೊಳದ ಕಡೆ ಯಾರೋ ಹಾಕಿದ್ರು. ಒಡೆಯೋಕೆ ಸುತ್ತಿಗೆ ಎತ್ತಿದೆ, ಕೈ ಬರ್ಲಿಲ್ಲ. ನೀವು ಹೊಲಿಗೆ ಟೀಚರಂತೆ. ನಿಮ್ಮ ಹತ್ರ ಇದ್ರೆ ನಂಗೆ ನಿದ್ದೆ ಬರ್ತದೆ. ಇಟ್ಕೊಳ್ಳಿ."

ಚಕ್ರ ಒಂದು ಸುತ್ತು ತಿರುಗಿಸಿದೆ. ಸದ್ದೇ ಇಲ್ಲ, ಅಷ್ಟು ನುಣುಪು. ನಾನು ಮೊದಲು ಹೊಲಿಗೆ ಕಲಿತದ್ದು ಇಂಥದ್ದರಲ್ಲೇ. ಬೇಡ ಅನ್ನುವ ಮಾತು ಬಾಯಿಗೆ ಬರಲೇ ಇಲ್ಲ.

ಸಂಜೆ ನಮ್ಮೆಜಮಾನರು ಗೇಟು ದಾಟುವ ಮುಂಚೆಯೇ ಕೇಳಿದರು. "ಗುಜರಿ ಸಾಬ್ರು ಬಂದಿದ್ರಾ?"

"ಬಂದಿದ್ದರು."

"ಏನ್ ತಕ್ಕಂಡೋದ್ರು?"

"ಹಳೇ ಪೇಪರು."

ನನ್ನ ಮುಖ ನೋಡಿದರು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಮುಖ ಸಾಕಾಗುತ್ತದೆ. "ಸರಿ. ಏನ್ ಕೊಟ್ಟೋದ್ರು?"

೪. ಶ್ರಾವಣದ ಸೋಮವಾರ

ಆ ಸೋಮವಾರ ಹತ್ತಿರ ಬಂದಾಗ ಮೈದುನನ ಫೋನು ಬಂತು. "ಅತ್ಗೆಮ್ಮ, ಅವ್ವ ನೆನ್ನೆ ಮೆಟ್ಲಲ್ಲಿ ಜಾರ್ಬುಟ್ಲು. ನನ್ನೆಂಡ್ತಿ ರಟ್ಟೆ ಇಡ್ಕಳ್ದೆ ಇದ್ದಿದ್ರೆ ಅಲ್ಗೇ ಮುಗ್ದೋಗದು. ರೂಮು ಆಯ್ತಾ?"

"ಆಯ್ತು," ಅಂದೆ. ಹೇಳಿದ ಮೇಲೆ ಕುರ್ಚಿ ಹುಡುಕಿದೆ, ಕೂರಲು ಕೋಣೆಯಲ್ಲಿ ಜಾಗವಿರಲಿಲ್ಲ.

ನಮ್ಮೆಜಮಾನರು ಅಂದು ಖಡಾಖಂಡಿತವಾಗಿ ಹೇಳಿದರು. ಸೋಮವಾರ ಬೆಳಗ್ಗೆ ಎಲ್ಲವನ್ನೂ ಅಂಗಳಕ್ಕೆ ಇಳಿಸುವುದು, ಟ್ರಾಕ್ಟರಿಗೆ ತುಂಬುವುದು, ನಮ್ಮ ಗದ್ದೆಯ ಪಂಪ್‌ಸೆಟ್ ಮನೆಗೆ ಸಾಗಿಸುವುದು. ಬಿಸಾಕಿದ ಹಾಗೂ ಅಲ್ಲ, ಇಟ್ಟುಕೊಂಡ ಹಾಗೂ ಅಲ್ಲ. ಅತ್ತೆಮ್ಮನ ಕಾರು ಮಧ್ಯಾಹ್ನ ಬರುವ ಹೊತ್ತಿಗೆ ಕೋಣೆ ತೊಳೆದಿರಬೇಕು.

ಬೆಳಗ್ಗೆಯೇ ಮಂಚ ಹೊತ್ತು ಅಂಗಳದ ನಡುವೆ ಇಟ್ಟೆವು. ಗೋಡೆಗುಂಟ ಬೆಂಚು, ಅದರ ಪಕ್ಕ ಕುರ್ಚಿಗಳನ್ನು ಬಿಡಿಸಿ ಸಾಲಾಗಿ ಇಟ್ಟೆ. ಮಡಚಿ ಇಟ್ಟರೆ ತುಕ್ಕು ಹಿಡಿದ ಕೀಲು ಮತ್ತೆ ಬಿಚ್ಚಿಕೊಳ್ಳುವುದಿಲ್ಲ. ಹತ್ತಿ ಹಾಸಿಗೆಯನ್ನು ಮಾತ್ರ ಇಲಿ ಕೊರೆದು ಬಿಟ್ಟಿತ್ತು. ಅದನ್ನು ಗೇಟಿನ ಎದುರಿಗೆ ಹಾಕಿ ಬೆಂಕಿ ಹಚ್ಚಿ, ನಮ್ಮೆಜಮಾನರು ಟ್ರಾಕ್ಟರು ಯಾಕೆ ಬರಲಿಲ್ಲವೆಂದು ನೋಡಲು ಹೋದರು. ಮದುವೆಯಾದ ಹೊಸದರಲ್ಲಿ ನಾವು ಮಲಗಿದ ಹಾಸಿಗೆ ಅದು. ಹೊಗೆ ಕಣ್ಣಿಗೆ ಹೋಯಿತು, ಅಳುವೂ ಬಂತು. ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಾ ಅಲ್ಲೇ ನಿಂತಿದ್ದೆ.

ಮನೆ ಮುಂದೆ ಹೊಗೆ, ಅಂಗಳದಲ್ಲಿ ಮಂಚ, ಸಾಲು ಕುರ್ಚಿ, ಅಳುತ್ತಿರುವ ಹೆಂಗಸು. ಅತ್ತೆಗೆ ಮೈಸೂರಿನಲ್ಲಿ ಆಪರೇಷನ್ ಆಗಿದ್ದು ಬೀದಿಗೆಲ್ಲ ಗೊತ್ತು. ಆದರೆ ಇದನ್ನೆಲ್ಲ ಒಟ್ಟಿಗೆ ಇಟ್ಟು ನೋಡಲು ನನಗೆ ಆಗ ಹೊಳೆಯಲಿಲ್ಲ.

ಮೊದಲು ಎದುರು ಮನೆಯಾಕೆ ಬಂದಳು. ನನ್ನ ತೋಳು ಹಿಡಿದುಕೊಂಡಳು. "ಅಳ್ಬೇಡಿ ಟೀಚರಮ್ಮ. ಎಲ್ಲಾ ಒಂದಿನ ಓಗದೆಯಾ."

"ಗೊತ್ತು ಕಣಮ್ಮ, ಮನಸ್ಸು ಕೇಳಲ್ಲ," ಅಂದೆ. ಹಾಸಿಗೆಗೆ ಇಷ್ಟು ಮರುಗುವ ನೆರೆಯವರು ಯಾರಿಗುಂಟು ಎಂದುಕೊಂಡೆ.

ಆಕೆ ಕುರ್ಚಿಯ ಮೇಲೆ ಕೂತಳು. ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಇಡ್ಲಿ ಮಾಡುವಾಕೆ ಬಂದಳು. ಮೂಲೆ ಮನೆಯ ಅಜ್ಜ ತಡವರಿಸುತ್ತಾ ಬಂದರು, ಅವರಿಗೆ ಕಣ್ಣು ಮಂಜು, ಮಂಡಿಯೂ ಹಿಡಿತ. ನೋಡುನೋಡುತ್ತಿದ್ದಂತೆ ಕುರ್ಚಿಗಳೆಲ್ಲ ತುಂಬಿ, ಗಂಡಸರು ಗೋಡೆಗೆ ಒರಗಿ ನಿಂತರು. ಯಾರೂ ಜೋರಾಗಿ ಮಾತಾಡುತ್ತಿಲ್ಲ. ಸಾಮಾನು ಹೇರಲು ಇಷ್ಟು ಜನ ಬಂದರಲ್ಲ ಎಂದು ನನಗೆ ಸಂಕೋಚ, ಕಾಫಿಗೆ ಹಾಲು ಸಾಲದಲ್ಲ ಎಂದು ಗಾಬರಿ.

ಕೊನೆಗೆ ಡೈರಿಯಲ್ಲಿ ಹಾಲು ಅಳೆಯುವವನು ಕೈ ಹಿಂದೆ ಏನೋ ಹಿಡಿದುಕೊಂಡು ಹತ್ತಿರ ಬಂದ. ತಗ್ಗಿದ ದನಿಯಲ್ಲಿ ಕೇಳಿದ. "ಎಷ್ಟೊತ್ಗೆ ಎತ್ತದು ಟೀಚರಮ್ಮ?"

"ಟ್ರಾಕ್ಟರು ಬಂದ ತಕ್ಷಣ."

"ಎಲ್ಗೆ?"

"ನಮ್ಮ ಗದ್ದೆಗೇ. ಪಂಪ್‌ಸೆಟ್ ಹತ್ತಿರ."

ಅವನು ತಲೆಯಾಡಿಸಿದ. "ಸ್ವಂತ ಜಮೀನಲ್ಲೇ ಆದ್ರೆ ಒಳ್ಳೇದು ಬುಡಿ." ಆಗಲೇ ಅವನ ಕೈಯಲ್ಲಿದ್ದದ್ದು ಕಂಡಿತು. ಸೇವಂತಿಗೆ ಹಾರ.

ತಲೆಯೊಳಗೆ ಎಲ್ಲ ಒಮ್ಮೆಗೇ ತಿಳಿಯಿತು. ಬಾಯಿ ತೆರೆಯುವಷ್ಟರಲ್ಲಿ ಗೇಟಿನ ಮುಂದೆ ಮೈದುನನ ಕಾರು ನಿಂತಿತು. ಮಧ್ಯಾಹ್ನ ಬರುತ್ತೇನೆ ಎಂದವನು, ತಾಯಿಯ ಅವಸರ ತಾಳಲಾರದೆ ಬೆಳಗ್ಗೆಯೇ ಹೊರಟಿದ್ದ. ಬಾಗಿಲು ತೆರೆಯಿತು. ಮೊದಲು ವಾಕರ್ ಇಳಿಯಿತು. ಅದರ ಹಿಂದೆ ಅತ್ತೆಮ್ಮ.

ಎದುರು ಮನೆಯಾಕೆ "ಅಯ್ಯಯ್ಯೋ" ಎಂದು ಕುರ್ಚಿಯ ಹಿಂದೆ ಸರಿದಳು. ಅತ್ತೆಮ್ಮ ವಾಕರ್ ಊರಿಕೊಂಡು ಒಳಗೆ ಬಂದು, ಹೊಗೆ ನೋಡಿದರು, ಮಂಚ ನೋಡಿದರು, ಜನವನ್ನು ನೋಡಿದರು.

"ಯಾರ್ಲಾ ಓಗ್ಬುಟ್ರು?"

ಅತ್ತೆಮ್ಮನ ಕಣ್ಣು ಡೈರಿಯವನ ಮೇಲೆ ನಿಂತಿತು. "ಅದೇನ್ಲಾ ಇಂದ್ಕೆ ಮಡಿಕಂಡಿದ್ದೀಯೆ?"

"ಏನಿಲ್ಲ ಕಣಜ್ಜಿ... ನಿಮ್ಗೇಯ ತಂದಿದ್ದೆ."

"ತಂದ್ಮೇಕೆ ಆಕು ಮತ್ತೆ. ಬದ್ಕಿದ್ದಾಗ ಯಾವನ್ ಆಕಾನು?"

ಅವನು ಹಾರ ಹಾಕಿದ. ಗೋಡೆಯ ಹತ್ತಿರ ಯಾರೋ ಕಿಸಕ್ಕೆಂದರು, ಅಲ್ಲಿಂದ ನಗು ಅಂಗಳಕ್ಕೆಲ್ಲ ಹಬ್ಬಿತು. ನಾನೊಬ್ಬಳೇ ನಗಲಿಲ್ಲ. ಅತ್ತೆಮ್ಮ ಈಗ ಸಾಮಾನಿನ ಕಡೆ ತಿರುಗಿದ್ದರು. ಮಂಚದ ಕಾಲ ಬಳಿ ಹಂಡೆ ಫಳಫಳ ಹೊಳೆಯುತ್ತಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಅತ್ತೆಮ್ಮ, ಬಿಸಾಕುತ್ತಿಲ್ಲ, ಆಣೆಗೂ ಇಲ್ಲ. ಗದ್ದೆಯ ಮನೆಯಲ್ಲಿ ಜೋಪಾನವಾಗಿ..."

"ಇನ್ನೂ ಮಡಿಕತೀಯಾ?" ಅತ್ತೆಮ್ಮ ಕುರ್ಚಿಯಲ್ಲಿ ಕೂತು, ವಾಕರನ್ನು ಪಕ್ಕಕ್ಕೆ ಸರಿಸಿದರು. "ಅಲ್ಲ ಕಣವ್ವ, ಪೋನ್ ಮಾಡ್ದಾಗೆಲ್ಲ ಅಂಡೆ ಅದಾ ಅಂತ ಕೇಳ್ತಿದ್ದೆ. ಅದೆ ಅದೆ, ಉಜ್ಜಿವ್ನಿ ಅಂತಿದ್ದೆ. ಇವ್ಳು ಯಾವತ್ತು ಕಳ್ದಾಳು, ನಾನ್ ಯಾವತ್ತು ಆ ಕಕ್ಕಸ್ಗೆ ಓದೇನು ಅಂತ ನಂಗೆ ಯೋಚ್ನೆ."

"ನೀವೇ ಕೊಟ್ಟಿದ್ದಲ್ವಾ?"

"ನಮ್ಮತ್ತೆ ನಂಗೆ ಕೊಟ್ಲು. ಬಿಸಾಕಕ್ಕೆ ಮನ್ಸು ಬರ್ನಿಲ್ಲ, ಮಡಿಕಳಕ್ಕೆ ಜಾಗ ಇರ್ನಿಲ್ಲ. ಅಷ್ಟ್ರಲ್ಲಿ ನೀನು ಸೊಸೆಯಾಗಿ ಬಂದೆ. ನಿಂಗೆ ದಾಟುಸ್ಬುಟ್ಟೆ."

ಅಷ್ಟು ವರ್ಷ ನಾನು ಹುಣಸೆಹಣ್ಣು ಹಾಕಿ ಉಜ್ಜಿದ್ದು ಕಣ್ಣ ಮುಂದೆ ಬಂತು. ಸಿಟ್ಟೂ ಬಂತು, ನಗುವೂ ಬಂತು, ಎದೆಯ ಮೇಲಿದ್ದದ್ದು ಇಳಿದ ಹಾಗೂ ಆಯಿತು.

ಅತ್ತೆಮ್ಮ ಹಾರ ಸರಿಮಾಡಿಕೊಂಡು ಜನದ ಕಡೆ ತಿರುಗಿದರು. "ನನ್ ಮಣ್ಗೆ ಅಂತ ಬಂದೋರು ಬರೀ ಕೈಲಿ ಓಗ್ಬೇಡಿ. ನಾನೇ ಕುಂತು ದಾನ ಕೊಡ್ತಾವ್ನಿ ಅನ್ಕಳಿ. ಒಬ್ಬೊಬ್ರು ಒಂದೊಂದು ತಕ್ಕಳಿ."

ಯಾರೂ ಅಲುಗಾಡಲಿಲ್ಲ. ನನಗೋ ಹಳೇ ದಿಗಿಲು. "ಬೇಡಿ ಅತ್ತೆಮ್ಮ, ನಾಳೆ ಎಲ್ಲರೂ ಏನಾದರೂ ತುಂಬಿ ತಂದು ವಾಪಸ್ ಕೊಡ್ತಾರೆ!"

"ಅದೆಂಗ್ ತತ್ತಾರೆ? ಸಾವ್ನ ಮನೆಯಿಂದ ತಕ್ಕೊಂಡೋದದ್ನ ಯಾರಾರೂ ತಿರ್ಗ ತತ್ತಾರಾ? ಓಗ್ಬತ್ತೀನಿ ಅಂತ್ಲೂ ಅನ್ನಂಗಿಲ್ಲ. ಸುಮ್ಕೆ ಎತ್ಕೊಂಡ್ ನಡೀರಿ."

ಈ ಮಾತಿಗೆ ಎಲ್ಲರಿಗೂ ಧೈರ್ಯ ಬಂತು. ಎದುರು ಮನೆಯಾಕೆ ಹಿತ್ತಾಳೆ ಕೊಳಗ ಎತ್ತಿಕೊಂಡಳು. ಡೈರಿಯವನು ಬೆಂಚು ಹೊತ್ತ. ಮಂಚಕ್ಕೆ ನಾಲ್ವರು ಹೆಗಲು ಕೊಟ್ಟರು, ಅಭ್ಯಾಸಬಲದಿಂದ ಒಬ್ಬ ಮುಂದೆ ಮುಂದೆ ನಡೆದ. ಮೂಲೆ ಮನೆಯ ಅಜ್ಜ ಟೀವಿ ತಡವಿ ಕೇಳಿದರು. "ಮಾತ್ ಬತ್ತದಾ? ಸಾಕು ಬುಡು, ನಂಗೆ ಎಂಗೂ ಕಣ್ ಕಾಣಕಿಲ್ಲ." ಯಾರೋ ಅವರಿಗಾಗಿ ಹೊತ್ತುಕೊಂಡರು.

ಇಡ್ಲಿಯಾಕೆ ಹಂಡೆಯ ಮುಂದೆ ನಿಂತು ನನ್ನ ಮುಖ ನೋಡಿದಳು. ನನ್ನ ಕೈ ಹಂಡೆಯ ಕಂಠದ ಮೇಲಿತ್ತು, ಯಾವಾಗ ಹೋಯಿತೋ ಗೊತ್ತಿಲ್ಲ. ಕಷ್ಟವಾಯಿತು, ಸುಳ್ಳು ಹೇಳುವುದಿಲ್ಲ. ಕೈ ತೆಗೆದೆ. ಅವಳು ಅದನ್ನು ಸೊಂಟಕ್ಕೆ ಏರಿಸಿ ಗೇಟು ದಾಟಿದಳು. "ಹೋಗಿ ಬರ್ತೀನಿ" ಅನ್ನಲಿಲ್ಲ. ಹಂಡೆ ನನ್ನ ಮನೆಯಿಂದ ಮೊಟ್ಟಮೊದಲ ಸಲ ಖಾಲಿಯಾಗಿ ಹೋಯಿತು.

ಹೊಲಿಗೆ ಮೆಷಿನ್ನಿಗೆ ಯಾರೋ ಕೈ ಹಾಕಿದಾಗ ಅತ್ತೆಮ್ಮ ತಡೆದರು. "ಅದು ನಾ ಕೊಟ್ಟಿದ್ದಲ್ಲ. ಯಾರ್ದು?"

"ನನ್ನದು," ಅಂದೆ.

"ನಿಂದಾದ್ರೆ ಮಡಿಕೊ."

ನಮ್ಮೆಜಮಾನರು ಟ್ರಾಕ್ಟರಿನಲ್ಲಿ ಬಂದಾಗ ಅಂಗಳದಲ್ಲಿ ಉಳಿದದ್ದು ಬೂದಿ, ಮೆಷಿನ್ನು, ಒಂದು ಕುರ್ಚಿ, ಅದರ ಮೇಲೆ ಹಾರ ಹಾಕಿಕೊಂಡ ಅವ್ವ. ಅವರು ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಡಲು ಪುರುಸೊತ್ತಿರಲಿಲ್ಲ. ನಾನೂ ಮೈದುನನೂ ಕೋಣೆಗೆ ನೀರು ಹುಯ್ದು ತೊಳೆದೆವು. ಬಾಗಿಲಿನಿಂದ ಕಮೋಡಿನವರೆಗೆ ಬರೀ ನೆಲ. ಅತ್ತೆಮ್ಮ ಕುರ್ಚಿಯಿಂದಲೇ ನೋಡಿ ತಲೆದೂಗಿದರು. "ಸರಿ, ಮೊದ್ಲು ಅಲ್ಗೇ ಓಗ್ಬೇಕು. ನನ್ ವಾಕರ್ ಕೊಡವ್ವ."

ವಾಕರ್ ಇರಲಿಲ್ಲ.

ಕುರ್ಚಿ ಪಕ್ಕ ಇಲ್ಲ, ಕಾರಿನಲ್ಲಿ ಇಲ್ಲ, ಕೋಣೆಯಲ್ಲಿ ಇಲ್ಲ. ಅತ್ತೆಮ್ಮ ಕುರ್ಚಿಯಲ್ಲಿ ಮುಖ ಕಿವುಚಿ ಕೂತಿದ್ದರು, ಅವರ ಅವಸರ ಅವರಿಗೆ. ಆಗ ಮೈದುನ ಗೇಟಿನಿಂದ ಕೂಗಿದ. "ಅತ್ಗೆಮ್ಮಾ, ಅಲ್ ನೋಡಿ!" ಬೀದಿಯ ತುದಿಯಲ್ಲಿ ಮೂಲೆ ಮನೆಯ ಅಜ್ಜ, ಎಂದೂ ಕಾಣದ ಠೀವಿಯಲ್ಲಿ, ಅತ್ತೆಮ್ಮನ ವಾಕರ್ ಊರಿಕೊಂಡು ತಮ್ಮ ಗೇಟಿನ ಮುಂದೆ ಅತ್ತಿತ್ತ ಓಡಾಡುತ್ತಿದ್ದರು. ಒಬ್ಬೊಬ್ಬರು ಒಂದೊಂದು ಎಂದಾಗ, ಅವರು ಎರಡು ತೆಗೆದುಕೊಂಡಿದ್ದರು.

ನಮ್ಮೆಜಮಾನರು ಬೈಕು ಹತ್ತಿ ಓಡಿದರು. ಹೋದವರು ಬೇಗ ಬರಲಿಲ್ಲ. ನಾನು ಗೇಟಿಗೂ ಕುರ್ಚಿಗೂ ಓಡಾಡುತ್ತಿದ್ದೆ. ಕಡೆಗೂ ಬಂದರು. ವಾಕರಿನ ಹಿಡಿಗೆ ಒಂದು ಬಟ್ಟೆ ಚೀಲ ನೇತಾಡುತ್ತಿತ್ತು, ಬಾಯಿಯವರೆಗೆ ಹೀರೇಕಾಯಿ.

"ಇಷ್ಟೊತ್ತು?" ಎಂದು ಕಿರುಚಿದೆ.

"ನಾನೇನ್ ಮಾಡ್ಲಿ? ಬರೀದು ಕಳ್ಸಬಾರ್ದು ಅಂತ ಅಜ್ಜ ಇತ್ಲಲ್ಲಿ ತಡವ್ಕಂಡು ತಡವ್ಕಂಡು ಕಿತ್ತು ಕೊಟ್ರು."

ಅತ್ತೆಮ್ಮ ವಾಕರ್ ಹಿಡಿದು ಎದ್ದರು. ಒಂದೊಂದೇ ಹೆಜ್ಜೆ ಇಡುತ್ತಾ ಕೋಣೆ ದಾಟಿ, ಯಾರ ರಟ್ಟೆಯನ್ನೂ ಹಿಡಿಯದೆ, ಬಾತ್‌ರೂಮಿನ ಬಾಗಿಲು ಹಾಕಿಕೊಂಡರು. ನಾನು ಹೊರಗೆ ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ದನಿ ಬಂತು. "ಸಂದಾಗದೆ ಕಣವ್ವ." ಇದನ್ನು ಕೇಳಲು ಆ ಸಾಮಾನೆಲ್ಲ ಹೋದದ್ದು ಏನೂ ಹೆಚ್ಚಲ್ಲ ಅನ್ನಿಸಿತು. ಗೋಡೆಗೆ ಒರಗಿ ಅತ್ತುಬಿಟ್ಟೆ.

ಸಂಜೆ ಅತ್ತೆಮ್ಮ ತಮ್ಮ ಕೋಣೆಯಲ್ಲಿ, ಮೈದುನ ಕಾರಿನ ಮೇಲೆ ಕಟ್ಟಿಕೊಂಡು ತಂದಿದ್ದ ಹೊಸ ಮಡಚುವ ಮಂಚದ ಮೇಲೆ ಕೂತು ಹೀರೇಕಾಯಿ ಹೆರೆದುಕೊಟ್ಟರು. ಸುತ್ತಲೂ ಖಾಲಿ ಗೋಡೆ. ಎಲ್ಲ ಮುಗಿದ ಮೇಲೆ ಅಜ್ಜನ ಬಟ್ಟೆ ಚೀಲವನ್ನು ಕೊಡವಿ, ತಿರುಗಿಸಿ, ಹೊಲಿಗೆ ಎಳೆದು ನೋಡಿದರು. ನೀಟಾಗಿ ನಾಲ್ಕು ಮಡಿಕೆ ಮಾಡಿ ನನ್ನ ಕೈಯಲ್ಲಿಟ್ಟರು.

"ಚೀಲ ಗಟ್ಟಿಯಾಗದೆ ಕಣವ್ವ. ಮಡಗಿರು, ಯಾವುದ್ಕಾರ ಆಯ್ತದೆ."